ಮೂರು ಬಸ್ಸು ಒಟ್ಟಿಗೆ ಬಂದದ್ದಕ್ಕೆ ನನ್ನ ಅತ್ತೆಯವರು ಹೊಣೆಯಲ್ಲ

ವಿಶ್ವವಿದ್ಯಾಲಯದ ಪರೀಕ್ಷಾ ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ,

ಹದಿನಾಲ್ಕನೇ ನಂಬರಿನ ಬಸ್ಸುಗಳು ಮೂರು ಒಟ್ಟಿಗೆ ಬರಲಾರವು ಎಂದು ತಮ್ಮ ಸಮಿತಿ ತೀರ್ಮಾನಿಸಿದೆ. ಅವು ಬಂದವು ಎಂದು ನನ್ನ ಪ್ರಬಂಧದಲ್ಲಿ ಬರೆದಿರುವುದರಿಂದ ನಾನು ಸುಳ್ಳುಗಾರ್ತಿ ಎಂದೂ ತೀರ್ಮಾನಿಸಿದೆ. ಎಂಟು ತಿಂಗಳಿಂದ ನನ್ನ ಸ್ನಾತಕೋತ್ತರ ಪದವಿಯ ಫಲಿತಾಂಶ ತಡೆಯಲ್ಲಿದೆ. ತಮ್ಮ ಕಚೇರಿ ಕಳಿಸಿರುವ ತಪ್ಪೊಪ್ಪಿಗೆ ನಮೂನೆಗೆ ಇವತ್ತು ಸಂಜೆ ಐದರೊಳಗೆ ಸಹಿ ಹಾಕಿದರೆ "ಸರಿಪಡಿಸಿದ ದತ್ತಾಂಶ"ದೊಂದಿಗೆ ಪ್ರಬಂಧವನ್ನು ಮರಳಿ ಸಲ್ಲಿಸಬಹುದು. ಹಾಕದಿದ್ದರೆ ನೋಂದಣಿಯೇ ರದ್ದು. ಸಹಿ ಹಾಕಬೇಕಾದ ಪೆನ್ನಿನಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಮುಚ್ಚಿದ ಲಕೋಟೆಯಲ್ಲಿ ಕಳಿಸಿದ ನಾಲ್ಕು ಪತ್ರಗಳು ತಮ್ಮ ಕಚೇರಿಯಲ್ಲಿ ಕ್ಷೇಮವಾಗಿವೆ ಎಂದು ತಿಳಿದುಬಂದದ್ದರಿಂದ ಐದನೆಯದನ್ನು ತಮ್ಮ ಸೂಚನಾ ಫಲಕಕ್ಕೇ ಅಂಟಿಸುತ್ತಿದ್ದೇನೆ. ಫಲಿತಾಂಶ ಪಟ್ಟಿಯಲ್ಲಿ ನನ್ನ ಅಂಕಗಳಿರಬೇಕಾದ ಜಾಗ ಹೇಗೂ ಖಾಲಿ ಇದೆ.

ನಾನು ಯಾರು ಎಂಬುದು ತಮ್ಮ ಕಡತದಲ್ಲಿಲ್ಲ, ಅಲ್ಲಿರುವುದು ನೋಂದಣಿ ಸಂಖ್ಯೆ ಮಾತ್ರ. ನನಗೆ ನಲವತ್ತಮೂರು ವರ್ಷ. ಹದಿನಾರು ವರ್ಷದಿಂದ ಆಂಬುಲೆನ್ಸ್ ಕಂಟ್ರೋಲ್ ರೂಮಿನ ಹಗಲು ಪಾಳಿಯಲ್ಲಿ ಫೋನ್ ಎತ್ತುತ್ತೇನೆ. ನಮಗೆ ಗಂಟೆಗೆ ಸರಾಸರಿ ಮೂರು ಕರೆ ಬರುತ್ತವೆ. ಇಷ್ಟು ಗೊತ್ತಾದದ್ದೇ ತಡ, ನಮ್ಮ ಮೇಲಧಿಕಾರಿಗಳು ಅರವತ್ತನ್ನು ಮೂರರಿಂದ ಭಾಗಿಸಿ, ಇಪ್ಪತ್ತು ನಿಮಿಷಕ್ಕೊಂದು ಕರೆ, ಮೂರು ಗಾಡಿ ಧಾರಾಳ ಎಂದು ಪಾಳಿ ಪಟ್ಟಿ ಹಾಕಿದರು. ಆದರೆ ಜನ ಇಪ್ಪತ್ತು ನಿಮಿಷಕ್ಕೊಬ್ಬರಂತೆ ಸರದಿಯ ಪ್ರಕಾರ ಎದೆ ಹಿಡಿದುಕೊಳ್ಳುವುದಿಲ್ಲ. ಒಂದೂವರೆ ಗಂಟೆ ಫೋನ್ ಸುಮ್ಮನಿರುತ್ತದೆ, ಆಮೇಲೆ ಹತ್ತು ನಿಮಿಷದಲ್ಲಿ ಐದು ಕರೆ. ನಾಲ್ಕನೆಯವರಿಗೆ "ಗಾಡಿ ಹೊರಟಿದೆ, ಧೈರ್ಯವಾಗಿರಿ" ಎಂದು ನಾನು ಹೇಳುವಾಗ ಗಾಡಿ ಹೊರಟಿರುವುದಿಲ್ಲ. ಹದಿನಾರು ವರ್ಷ ಆ ಮಾತು ಹೇಳಿ ಹೇಳಿ ನನಗೆ ನನ್ನ ದನಿಯೇ ಅಸಹ್ಯವಾಗಿತ್ತು. ಪಾಳಿ ಪಟ್ಟಿ ಹಾಕುವ ಹುದ್ದೆಗೆ ಈ ಸ್ನಾತಕೋತ್ತರ ಪದವಿ ಬೇಕು ಎಂದು ತಿಳಿದ ವಾರವೇ ತಮ್ಮ ಸಂಜೆ ತರಗತಿಗೆ ಅರ್ಜಿ ಹಾಕಿದೆ.

ವಿಷಯ: ಸಂಭವನೀಯತಾ ಸಿದ್ಧಾಂತ ಮತ್ತು ಯಾದೃಚ್ಛಿಕ ಪ್ರಕ್ರಿಯೆಗಳು, ಅಂದರೆ ಯಾವಾಗ ಏನಾಗುತ್ತದೆಂದು ಮೊದಲೇ ಹೇಳಲಾಗದಂಥವು. ಕೊಠಡಿ ಏಳು, ಒಂದು ಫ್ಯಾನು, ಒಂಬತ್ತು ವಿದ್ಯಾರ್ಥಿಗಳು. ಮೊದಲ ಮೂರು ತಿಂಗಳು ಯಾವ ಘಟನೆಗೆ ಸಂಭವನೀಯತೆಯ ಅಳತೆ ಕೊಡಬಹುದು, ಯಾವುದಕ್ಕೆ ಕೊಡಲಾಗದು ಎಂಬುದರಲ್ಲೇ ಕಳೆಯಿತು. ನಾಣ್ಯ ಚಿಮ್ಮಿಸುತ್ತಾರೆಂದು ನಂಬಿ ಬಂದಿದ್ದ ಇಬ್ಬರು ಅಲ್ಲಿಗೇ ಕೈ ಮುಗಿದು ಹೋದರು. ಉಳಿದ ಏಳು ಜನರಿಗೆ ಪ್ರಾಧ್ಯಾಪಕರು ಬೋರ್ಡಿಗೆ ಬೆನ್ನು ಕೊಟ್ಟು ಒಂದು ದಿನ ಹೇಳಿದ ಮಾತು ನನ್ನ ನೋಟ್ಸಿನಲ್ಲಿ ಕೆಂಪು ಇಂಕಿನಲ್ಲಿದೆ: "ನೋಡಿ, ಯಾದೃಚ್ಛಿಕ ಅಂದ್ರೆ ಸಮನಾಗಿ ಹರಡಿರೋದು ಅಂತ ಅಲ್ಲ. ಸಮನಾಗಿ ಹರಡಿದೆ ಅಂದ್ರೆ ಯಾರೋ ಕೂತು ಹರಡಿದ್ದಾರೆ ಅಂತ ಅರ್ಥ." ಈ ಪಾಠಕ್ಕೆ ಹಾಜರಾತಿ ಕಡ್ಡಾಯವಾಗಿತ್ತು. ತಮ್ಮ ಸಮಿತಿಗೆ ಅಂಥ ಕಡ್ಡಾಯವಿಲ್ಲ ಎಂದು ಕಾಣುತ್ತದೆ.

ಇನ್ನು ಆರೋಪಿ ನಂಬರ್ ಎರಡು, ನನ್ನ ಅತ್ತೆಯವರು. ವಯಸ್ಸು ಎಪ್ಪತ್ತೆರಡು. ನಾನು ಓದಲು ಹೊರಟಾಗ ಇವರೇ, "ಈ ವಯಸ್ಸಲ್ಲಿ ಓದಿ ಯಾವ ರಾಜ್ಯ ಆಳಬೇಕಾಗಿದೆ?" ಎಂದವರು. ಅದೇನು ಓದುತ್ತೀಯ ಎಂದು ಕೇಳಿದರು. ಏನು ಯಾವಾಗ ಆಗುತ್ತದೋ ಗೊತ್ತಿಲ್ಲದಿದ್ದಾಗ ಎಷ್ಟು ಹೇಳಬಹುದು ಅನ್ನುವುದನ್ನು ಕಲಿಸುತ್ತಾರೆ ಎಂದೆ. "ಗೊತ್ತಿಲ್ಲದಿದ್ದಾಗ ಬಾಯಿ ಮುಚ್ಚಿಕೊಂಡಿರಬೇಕು ಅಂತ ನಮ್ಮಮ್ಮ ಪುಕ್ಕಟೆ ಕಲಿಸಿದ್ಲು" ಎಂದರು. ನಮ್ಮ ಯಜಮಾನರು ಈ ವಿಷಯದಲ್ಲಿ ತಟಸ್ಥರು. ಇಬ್ಬರೂ ಮಾಡಿದ ಅಡುಗೆ ಉಣ್ಣುವವರು ಬೇರೇನು ಮಾಡಿಯಾರು?

ಪ್ರಬಂಧಕ್ಕೆ ದತ್ತಾಂಶ ಬೇಕಾಯಿತು. ಕಂಟ್ರೋಲ್ ರೂಮಿನ ಕರೆಗಳ ದಾಖಲೆ ಗೋಪ್ಯ, ಹೊರಗೆ ತರುವ ಹಾಗಿಲ್ಲ. ಹಾಗಾಗಿ ನಮ್ಮ ಮನೆಯೆದುರಿನ ನಿಲ್ದಾಣಕ್ಕೆ ಬರುವ ಹದಿನಾಲ್ಕನೇ ನಂಬರಿನ ಬಸ್ಸುಗಳನ್ನು ಆರಿಸಿಕೊಂಡೆ. ವೇಳಾಪಟ್ಟಿಯ ಪ್ರಕಾರ ಹತ್ತು ನಿಮಿಷಕ್ಕೊಂದು. ನಿಜಕ್ಕೂ ಯಾವಾಗ ಬರುತ್ತವೆ, ಕಾಯುವವರು ಎಷ್ಟು ಕಾಯುತ್ತಾರೆ ಎಂಬುದು ಪ್ರಶ್ನೆ. ಆದರೆ ಹಗಲೆಲ್ಲ ನಾನು ಫೋನಿನ ಮುಂದೆ. ನಿಲ್ದಾಣದಲ್ಲಿ ಕೂರುವವರು ಯಾರು ಎಂದು ಊಟದ ಹೊತ್ತಿನಲ್ಲಿ ಗೊಣಗಿದೆ. ಅತ್ತೆಯವರು ಕೈ ತೊಳೆದು ಬಂದು, "ಬರೆಯೋದು ಗಂಟೆ, ನಿಮಿಷ, ಅಷ್ಟೇ ತಾನೇ? ನಾನು ಜೀವಮಾನವೆಲ್ಲ ಇನ್ನೇನು ಮಾಡಿದೀನಿ?" ಎಂದರು.

ಅದು ಬಡಾಯಿಯಲ್ಲ, ಅಧ್ಯಕ್ಷರೇ. ಮೂವತ್ತೊಂದು ವರ್ಷ ಅವರು ಬಟ್ಟೆ ಗಿರಣಿಯ ಗೇಟಿನಲ್ಲಿ ಕೂತು ಕೆಲಸಗಾರರು ಒಳಗೆ ಬಂದ ಹೊತ್ತನ್ನು ಬರೆದವರು. ನಮ್ಮ ಮಾವನವರೂ ಅದೇ ಗಿರಣಿಯಲ್ಲಿದ್ದರು. ಒಂದು ದಿನ ಅವರ ಚಪ್ಪಲಿ ಕಿತ್ತುಹೋಗಿ, ಹೊಲಿಸಿಕೊಂಡು ಬರುವಾಗ ಮೂರು ನಿಮಿಷ ತಡವಾಯಿತಂತೆ. ಹೆಂಡತಿ ತಲೆ ಎತ್ತಲಿಲ್ಲ. "8-03" ಎಂದು ಬರೆದರು. ಮಾವನವರ ಅರ್ಧ ದಿನದ ರಜೆ ಹೋಯಿತು, ಮನೆಯಲ್ಲಿ ಎರಡು ದಿನ ಮಾತು ಹೋಯಿತು. ತಮ್ಮ ವರದಿಯ ಒಂದು ಸಾಲಿನಲ್ಲಿ "ದತ್ತಾಂಶ ಸಂಗ್ರಹಿಸಿದವರ ವಿದ್ಯಾರ್ಹತೆ: ಇಲ್ಲ" ಎಂದಿದೆ. ಮೇಲೆ ಹೇಳಿದ್ದೇ ಅವರ ವಿದ್ಯಾರ್ಹತೆ.

ಇಪ್ಪತ್ತನಾಲ್ಕು ದಿನ, ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ, ಹಾರ್ಡ್‌ವೇರ್ ಅಂಗಡಿಯ ಪಕ್ಕದ ಸಿಮೆಂಟ್ ಬೆಂಚಿನ ಮೇಲೆ ಅತ್ತೆಯವರು ಕೂತರು. ಗಿರಣಿಯವರು ನಿವೃತ್ತಿಯ ದಿನ ಕೊಟ್ಟ ಕೈಗಡಿಯಾರವನ್ನು ದಿನಾ ಫೋನಿಗೆ ಹೊಂದಿಸಿಕೊಂಡು ಹೋಗುತ್ತಿದ್ದರು. ಒಟ್ಟು ನಾನೂರ ಹತ್ತೊಂಬತ್ತು ಬಸ್ಸು ಬರೆದರು. ಒಂಬತ್ತನೇ ದಿನದ ಪುಟದಲ್ಲಿ 10-42, 10-42, 10-43 ಎಂದು ಮೂರು ಬಸ್ಸುಗಳಿವೆ, ನಂತರದ್ದು 11-30. ಅವತ್ತು ಸಂಜೆ ಪುಸ್ತಕ ತೋರಿಸುತ್ತ, "ನಲವತ್ತೇಳು ನಿಮಿಷ ಒಂದೂ ಇಲ್ಲ. ಬರೆಯೋಕೆ ನಂಗೇ ನಾಚಿಕೆ ಆಯ್ತು, ಆದ್ರೆ ಬಂದಿದ್ದು ಹಾಗೇ" ಎಂದರು. ಆ ಪುಟವೇ ತಮ್ಮ ಮೊದಲ ಆಕ್ಷೇಪಣೆ: "ಅಸಹಜ. ನೈಜ ದತ್ತಾಂಶದಲ್ಲಿ ಇಂಥ ಗುಂಪುಗೂಡುವಿಕೆ ಸಾಧ್ಯವಿಲ್ಲ." ಹಾಗಾದರೆ ಆ ನಿಲ್ದಾಣದಲ್ಲಿ ದಿನವೂ ನಿಲ್ಲುವ ಜನ ಅನುಭವಿಸುತ್ತಿರುವುದು ಏನು? ಮಾಯೆಯೇ?

ಎರಡನೇ ಆಕ್ಷೇಪಣೆ ಲೆಕ್ಕದ್ದು. ಎರಡು ಬಸ್ಸಿನ ನಡುವಿನ ಸರಾಸರಿ ಬಿಡುವು ಹತ್ತು ನಿಮಿಷ ಎಂದು ಬರೆದು, ಪ್ರಯಾಣಿಕ ಸರಾಸರಿ ಹನ್ನೊಂದು ನಿಮಿಷ ಕಾಯುತ್ತಾನೆ ಎಂದೂ ಬರೆದಿದ್ದೇನೆ. "ಹತ್ತರ ಅರ್ಧ ಐದು ಎಂಬುದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ತಿಳಿದಿದೆ" ಎಂದು ಸಮಿತಿ ಅಂಚಿನಲ್ಲಿ ಟಿಪ್ಪಣಿ ಹಾಕಿದೆ. ಮಕ್ಕಳಿಗೆ ತಿಳಿದಿದೆ, ನಿಜ. ಅವರು ಬಸ್ಸಿಗೆ ಕಾದಿಲ್ಲ. ಒಂಬತ್ತಕ್ಕೆ ಒಂದು ಬಸ್ಸು, ಒಂಬತ್ತು ಗಂಟೆ ಒಂದು ನಿಮಿಷಕ್ಕೆ ಒಂದು, ಒಂಬತ್ತು ಇಪ್ಪತ್ತಕ್ಕೆ ಇನ್ನೊಂದು ಬಂದವು ಎನ್ನಿ. ಬಿಡುವು ಎರಡು: ಒಂದು ನಿಮಿಷದ್ದು, ಹತ್ತೊಂಬತ್ತು ನಿಮಿಷದ್ದು. ಸರಾಸರಿ ಹತ್ತೇ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ನಿಲ್ದಾಣಕ್ಕೆ ಬಂದ ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನ ಉದ್ದನೆಯ ಬಿಡುವಿಗೇ ಬಂದು ಬೀಳುತ್ತಾರೆ. ಇಪ್ಪತ್ತೂ ಜನರನ್ನು ಸೇರಿಸಿದರೆ ಸರಾಸರಿ ಕಾಯುವುದು ಐದಲ್ಲ, ಒಂಬತ್ತು ನಿಮಿಷ. ಬಸ್ಸುಗಳು ಇನ್ನಷ್ಟು ಗುಂಪುಗೂಡಿದರೆ ಇನ್ನಷ್ಟು. ಇದನ್ನು ಅತ್ತೆಯವರಿಗೆ ವಿವರಿಸಲು ನಾನು ಹಾಳೆ ಪೆನ್ನು ತಂದೆ. ಅವರು ಬೇಡವೆಂದರು: "ರಸ್ತೇಲಿ ಒಂದು ದೊಡ್ಡ ಗುಂಡಿ, ಒಂದು ಸಣ್ಣ ಗುಂಡಿ ಇದ್ರೆ ಕಾಲು ಬೀಳೋದು ಯಾವುದಕ್ಕೆ? ಅಷ್ಟೇ ತಾನೇ?" ಅಷ್ಟೇ. ಪ್ರಾಧ್ಯಾಪಕರು ಎರಡು ತರಗತಿ ತೆಗೆದುಕೊಂಡಿದ್ದರು.

ಮೂರನೆಯದು ಪುಸ್ತಕದ ಸ್ಥಿತಿ. ಪುಟ ಮೂವತ್ತೊಂದರಲ್ಲಿ "ಬೀನ್ಸ್ ಅರ್ಧ ಕೆಜಿ, ಸೋಪು, ಮೊಣಕಾಲಿನ ಮಾತ್ರೆ" ಎಂದಿದೆ. ಒಪ್ಪಿದೆ, ಅವು ಬಸ್ಸುಗಳಲ್ಲ. ಹದಿನಾರನೇ ದಿನ "10-51ರಿಂದ 10-58 ನಾನು ಇರಲಿಲ್ಲ, ಆ ಹೊತ್ತು ಲೆಕ್ಕಕ್ಕೆ ಬೇಡ" ಎಂದಿದೆ. ಈ ಏಳು ನಿಮಿಷಕ್ಕೆ ಸಮಿತಿ ಲಿಖಿತ ವಿವರಣೆ ಕೇಳಿದೆ. ಎಪ್ಪತ್ತೆರಡು ವರ್ಷದ ಹೆಂಗಸೊಬ್ಬರು ಹೆಚ್ಚುಕಡಿಮೆ ಎರಡು ಗಂಟೆ ಬೆಂಚಿನ ಮೇಲೆ ಕೂತ ಬಳಿಕ ಏಳು ನಿಮಿಷ ಎಲ್ಲಿಗೆ ಹೋಗಿರಬಹುದು ಎಂಬುದನ್ನು ಗೌರವಾನ್ವಿತ ಸದಸ್ಯರ ಊಹೆಗೆ ಬಿಟ್ಟಿದ್ದೇನೆ. ಸುಳ್ಳು ಬರೆಯುವವರು ತಾವು ಇಲ್ಲದ ಹೊತ್ತನ್ನು ದಾಖಲಿಸುತ್ತಾರೆಯೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಸುಳ್ಳು ಬರೆಯುವವರು ಹೇಗೆ ಬರೆಯುತ್ತಾರೆಂದು ನನಗೆ ಗೊತ್ತಾಗಿದೆ. ತಾವು ಕಳೆದ ಕೆಲವು ವರ್ಷಗಳಲ್ಲಿ "ಮಾದರಿ ದತ್ತಾಂಶ" ಎಂದು ಹೊಗಳಿದ ಪ್ರಬಂಧಗಳಲ್ಲೊಂದನ್ನು ಬರೆದವನು ನನ್ನ ಸುದ್ದಿ ಕೇಳಿ ಕ್ಯಾಂಟೀನಿನಲ್ಲಿ ಎದುರು ಬಂದು ಕೂತ. ಅದರಲ್ಲೂ ಬಸ್ಸುಗಳೇ: ಒಂಬತ್ತು ನಿಮಿಷ, ಹನ್ನೊಂದು, ಹತ್ತು, ಹತ್ತು, ಒಂಬತ್ತು. "ಅಕ್ಕಾ, ನಾನು ಹಾಸ್ಟೆಲ್ ಬಿಟ್ಟು ಆಚೆ ಕಾಲೇ ಇಟ್ಟಿಲ್ಲ" ಎಂದ. "ವೇಳಾಪಟ್ಟಿ ಇಟ್ಕೊಂಡು ಒಂದೊಂದು ನಿಮಿಷ ಹಿಂದೆ ಮುಂದೆ ಮಾಡಿದೆ. ಮೂರು ಬಸ್ಸು ಒಟ್ಟಿಗೆ ಬರೆಯೋಕೆ ನಂಗೆ ಧೈರ್ಯ ಸಾಲ್ತಿರ್ಲಿಲ್ಲ." ಅವನು ನಮ್ಮ ತರಗತಿಯವನೋ, ಹಿಂದಿನವನೋ ಹೇಳುವುದಿಲ್ಲ, ಕೇಳಲೂಬೇಡಿ. ಅವನ ಮೇಲೆ ನನಗೆ ದೂರಿಲ್ಲ. ತಮಗೆ ಏನು ಬೇಕಿತ್ತು ಎಂಬುದನ್ನು ಅವನು ನನಗಿಂತ ಚೆನ್ನಾಗಿ ಅಧ್ಯಯನ ಮಾಡಿದ್ದ, ಅಷ್ಟೇ.

ಈಗ ವಿಚಾರಣೆಯ ದಿನದ ವಿಷಯಕ್ಕೆ ಬರುತ್ತೇನೆ. ಹನ್ನೊಂದು ಗಂಟೆಗೆ ಹಾಜರಾಗಲು ಸೂಚನೆಯಿತ್ತು. ನಾನೂ ಅತ್ತೆಯವರೂ ಒಂಬತ್ತು ಐವತ್ತೈದಕ್ಕೆ ನಿಲ್ದಾಣದಲ್ಲಿದ್ದೆವು. ತಮ್ಮಲ್ಲಿಗೆ ದಾರಿ ಅರ್ಧ ಗಂಟೆಯದು. ಮೂವತ್ತೆಂಟು ನಿಮಿಷ ಬಸ್ಸಿಲ್ಲ. ಆಮೇಲೆ ಬಂದದ್ದು ತುಂಬಿ ವಾಲುತ್ತಿತ್ತು, ಮೊಣಕಾಲು ನೋವಿನವರು ಹತ್ತುವಂತಿರಲಿಲ್ಲ. ಅದರ ಹಿಂದಿನದಕ್ಕೆ ಹತ್ತಿ, ನಡುವೆ ಸಿಗ್ನಲ್ಲುಗಳಲ್ಲಿ ಇಪ್ಪತ್ತು ನಿಮಿಷ ನಿಂತು, ತಮ್ಮ ಬಾಗಿಲು ಮುಟ್ಟುವಾಗ ಹನ್ನೊಂದು ಇಪ್ಪತ್ತೈದು. ವರದಿಯಲ್ಲಿ ಇದು ಹೀಗಿದೆ: "ವಿದ್ಯಾರ್ಥಿನಿಯು ತಡವಾಗಿ ಹಾಜರಾಗಿ, ಬಸ್ಸು ಬರಲಿಲ್ಲವೆಂಬ ನಂಬಲರ್ಹವಲ್ಲದ ಕಾರಣ ನೀಡಿದರು."

ತಾವು ಉದ್ದನೆಯ ಮೇಜಿನ ನಡುವೆ ಕೂತಿದ್ದಿರಿ. ತಮ್ಮ ಬಲಗಡೆಯ ಕುರ್ಚಿ ಖಾಲಿಯಿತ್ತು. ಹನ್ನೊಂದು ನಲವತ್ತಕ್ಕೆ ಅದರ ಸದಸ್ಯರು ಬೆವರೊರೆಸಿಕೊಳ್ಳುತ್ತ ಒಳಗೆ ಬಂದರು. "ಸಾರಿ ಸರ್, ಕಾರು ಗ್ಯಾರೇಜಲ್ಲಿದೆ, ಬಸ್ಸಲ್ಲಿ ಬಂದೆ. ಮುಕ್ಕಾಲು ಗಂಟೆ ಒಂದೂ ಇಲ್ಲ, ಆಮೇಲೆ ನೋಡಿದ್ರೆ ಮೂರು ಒಟ್ಟಿಗೆ!" ಎಂದರು. ತಾವು, "ಪರವಾಗಿಲ್ಲ, ಕೂತ್ಕೊಳ್ಳಿ, ಈ ಬಸ್ಸುಗಳ ಹಣೆಬರಹವೇ ಇಷ್ಟು" ಎಂದಿರಿ. ಕೋಣೆಯಲ್ಲಿ ಯಾರೂ ನಗಲಿಲ್ಲ. ಅತ್ತೆಯವರು ಮಾತ್ರ ಚೀಲದಿಂದ ಪುಸ್ತಕ ತೆಗೆದು, "ಎಷ್ಟನೇ ನಂಬರ್ ಬಸ್ಸು ಸಾರ್?" ಎಂದರು. "ಹದಿನಾಲ್ಕು." "ಮೂರೂ ಬಂದಿದ್ದು ಎಷ್ಟು ಹೊತ್ತಿಗೆ?" "ಹತ್ತು ಐವತ್ತಿರಬೇಕಮ್ಮ. ಯಾಕೆ?" "ಏನಿಲ್ಲ ಸಾರ್, ಅಭ್ಯಾಸ" ಎಂದು ಬರೆದುಕೊಂಡರು. ಪಕ್ಕದಲ್ಲಿ "ಕೇಳಿ ಬರೆದದ್ದು, ನಾನು ನೋಡಿಲ್ಲ" ಎಂದೂ ಬರೆದರು. ಹನ್ನೆರಡೂ ಕಾಲಿಗೆ, ಮೂರು ಬಸ್ಸು ಒಟ್ಟಿಗೆ ಬರುವುದು ಅಸಾಧ್ಯ ಎಂಬ ನಿರ್ಣಯಕ್ಕೆ ಆ ಸದಸ್ಯರು ಸಹಿ ಹಾಕಿದರು. ಅವರ ಅಂಗಿಯ ಬೆವರು ಇನ್ನೂ ಆರಿರಲಿಲ್ಲ.

ನಾನು ಕೋಪ ಮಾಡಿಕೊಳ್ಳಲಿಲ್ಲ. ನನ್ನ ಪಠ್ಯದಲ್ಲಿ ಸ್ಮೃತಿರಹಿತ ಗುಣ ಎಂಬುದೊಂದಿದೆ: ಎಷ್ಟು ಕಾದಿದ್ದೀರಿ ಎಂಬುದು ಇನ್ನೆಷ್ಟು ಕಾಯಬೇಕು ಎಂಬುದನ್ನು ಒಂದಿಷ್ಟೂ ಕಡಿಮೆ ಮಾಡದಂಥ ವ್ಯವಸ್ಥೆ. ಇದಕ್ಕೆ ನಿತ್ಯಜೀವನದ ಶುದ್ಧ ಉದಾಹರಣೆ ಸಿಗುವುದು ಕಷ್ಟ ಎಂದು ಪ್ರಾಧ್ಯಾಪಕರು ಹೇಳಿದ್ದರು. ನನಗೆ ಸಿಕ್ಕಿತು. ಮೊದಲ ವಾರ ಹೋದಾಗಲೂ ತಮ್ಮ ಗುಮಾಸ್ತರು, "ಮುಂದಿನ ವಾರ ಬನ್ನಿ" ಎಂದರು, ಎಂಟನೇ ತಿಂಗಳು ಹೋದಾಗಲೂ ಅದನ್ನೇ ಎಂದರು. ಪ್ರಾಧ್ಯಾಪಕರು ನನ್ನ ಪರವಾಗಿ ಬರೆದ ಆರು ಪುಟಗಳ ಪತ್ರವನ್ನು ಸಮಿತಿ ಪರಿಗಣಿಸಲಿಲ್ಲ, ಅವರು ಈ ವಿಷಯದಲ್ಲಿ "ಆಸಕ್ತರು" ಎಂಬ ಕಾರಣಕ್ಕೆ. ಮೂವತ್ತು ವರ್ಷ ಅದನ್ನೇ ಪಾಠ ಮಾಡಿದವರಿಗೆ ಅದರಲ್ಲಿ ಆಸಕ್ತಿ ಇರುವುದು ಅಕ್ಷಮ್ಯವೇ ಸರಿ.

ಇಷ್ಟಾದರೂ ನಿನ್ನೆಯವರೆಗೆ ನಾನು ಸಹಿ ಹಾಕುವವಳೇ ಇದ್ದೆ. ಸುಳ್ಳೇಕೆ ಹೇಳಲಿ? "ನಾನು ಸಲ್ಲಿಸಿದ ದತ್ತಾಂಶವು ಕಲ್ಪಿತವೆಂದು ಒಪ್ಪಿಕೊಳ್ಳುತ್ತೇನೆ" ಎಂಬ ಒಂದು ಸಾಲು. ಹಾಕಿದರೆ ಪದವಿ, ಪದವಿ ಬಂದರೆ ಹುದ್ದೆ, ಹುದ್ದೆ ಬಂದರೆ ಪಾಳಿ ಪಟ್ಟಿ ನನ್ನ ಕೈಯಲ್ಲಿ. ನಾಲ್ಕನೇ ಕರೆಯವರಿಗೆ ಗಾಡಿ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಒಂದು ಸುಳ್ಳಿಗೆ ಇಷ್ಟೆಲ್ಲ ಒಳ್ಳೆಯದಾಗುವುದಾದರೆ ಆಗಲಿ ಎಂದು ನಮೂನೆಯನ್ನು ಊಟದ ಮೇಜಿನ ಮೇಲಿಟ್ಟು ಮಲಗಿದೆ.

ಇವತ್ತು ಬೆಳಗ್ಗೆ ಎದ್ದು ಬಂದಾಗ ಆ ಮೇಜಿನ ಮುಂದೆ ಅತ್ತೆಯವರು ಕೂತಿದ್ದರು. ಬಸ್ಸಿನ ಪುಸ್ತಕದಿಂದ ಹರಿದ ಒಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. ಮೇಲೆ ತಾರೀಖು, ಅದರ ಪಕ್ಕ 6-40. ಕೆಳಗೆ ಅದೇ ದುಂಡಗಿನ ಅಕ್ಷರದಲ್ಲಿ: "ಬಸ್ಸಿನ ಪುಸ್ತಕ ಬರೆದವಳು ನಾನು. ನಿಲ್ದಾಣಕ್ಕೆ ಹೋಗದೆ ಮನೆಯಲ್ಲೇ ಕೂತು ಮನಸ್ಸಿಗೆ ಬಂದ ಹೊತ್ತು ಬರೆದೆ. ನನ್ನ ಸೊಸೆಗೆ ಇದು ಗೊತ್ತಿರಲಿಲ್ಲ. ಅವಳನ್ನು ಪಾಸು ಮಾಡಬೇಕಾಗಿ ಕೋರಿಕೆ." ಸಹಿಯನ್ನೂ ಹಾಕಿದ್ದರು.

"ಏನಿದು?" ಎಂದೆ.

"ನೀನು ಸಹಿ ಹಾಕಿದ್ರೆ ನಿನ್ನ ಹೆಸರಿಗೆ ಮಸಿ. ನಿಂಗೆ ನಾಳೆ ಕೆಲಸ ಬೇಕು. ನಂಗೆ ಈ ವಯಸ್ಸಲ್ಲಿ ಯಾರು ಕೆಲಸ ಕೊಡ್ತಾರೆ? ಕಳ್ಳಿ ಅಂದ್ರೆ ಅನ್ನಲಿ ಬಿಡು."

"ನೀವು ಮಾವನವರಿಗೇ ಮೂರು ನಿಮಿಷ ಬಿಟ್ಟುಕೊಡಲಿಲ್ಲ."

ಅವರು ಗಡಿಯಾರದ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿಕೊಂಡರು. "ಬಿಡಬೇಕಿತ್ತು ಅಂತ ಈಗ ಅನ್ಸತ್ತೆ. ಅವರು ಹೋಗಿ ಹನ್ನೊಂದು ವರ್ಷ ಆಯ್ತು. ಅವರಿಗೆ ಬಿಡದೇ ಇದ್ದಿದ್ದು ನಿಂಗೆ ಬಿಡ್ತಿದೀನಿ, ತಗೋ."

ನನಗೆ ಅಳು ಬಂತು, ಅಧ್ಯಕ್ಷರೇ. ಪದವಿ ಓದುವಾಗ ಬಂದಿರಲಿಲ್ಲ, ಫಲಿತಾಂಶ ತಡೆದಾಗ ಬಂದಿರಲಿಲ್ಲ. ತಾವು ಎಂಟು ತಿಂಗಳಿಂದ ಹುಡುಕುತ್ತಿದ್ದ ಸುಳ್ಳು ದಾಖಲೆ ಕೊನೆಗೂ ನಮ್ಮ ಮನೆಯಲ್ಲಿ ಸಿಕ್ಕಿದೆ. ಅದರಲ್ಲಿ ಮೂರು ಬಸ್ಸುಗಳಿಲ್ಲ, ನಲವತ್ತೇಳು ನಿಮಿಷದ ಬಿಡುವಿಲ್ಲ, ಯಾವ ಅಸಹಜತೆಯೂ ಇಲ್ಲ. ತಮ್ಮ ಸಮಿತಿ ಮರುಮಾತಿಲ್ಲದೆ ಒಪ್ಪುವಂತಿದೆ. ಮೂವತ್ತೊಂದು ವರ್ಷ ಗೇಟಿನಲ್ಲಿ, ಇಪ್ಪತ್ತನಾಲ್ಕು ದಿನ ಬೆಂಚಿನಲ್ಲಿ ಒಂದು ನಿಮಿಷವನ್ನೂ ತಿರುಚದ ಕೈಯಿಂದ ಮೊದಲ ಸುಳ್ಳನ್ನು ಬರೆಸಿದ ಕೀರ್ತಿ ತಮ್ಮ ಕಚೇರಿಗೆ ಸಲ್ಲಬೇಕು. ಆ ಹಾಳೆಯನ್ನು ನಾನು ತಮಗೆ ಕೊಡುವುದಿಲ್ಲ. ತಮ್ಮ ನಮೂನೆಯನ್ನು ಸಹಿಯಿಲ್ಲದೆ ಹಿಂದಿರುಗಿಸುತ್ತಿದ್ದೇನೆ.

ನನ್ನ ಬೇಡಿಕೆ ಪದವಿಯಲ್ಲ. ಕೊಟ್ಟರೆ ಬೇಡವೆನ್ನುವುದಿಲ್ಲ, ಅದು ಬೇರೆ ಮಾತು. ವರದಿಯಿಂದ "ಕಲ್ಪಿತ" ಎಂಬ ಪದವನ್ನು ತೆಗೆದು, ತೆಗೆದದ್ದನ್ನು ನನ್ನ ಅತ್ತೆಯವರಿಗೆ ಲಿಖಿತವಾಗಿ ತಿಳಿಸಿ. ಹಾಗೆ ಮಾಡಲು ಮನಸ್ಸು ಒಪ್ಪದಿದ್ದರೆ ಒಂದು ದಿನ, ಒಂದೇ ದಿನ, ತಾವೇ ಬಂದು ಹದಿನಾಲ್ಕನೇ ನಂಬರಿನ ಬಸ್ಸಿಗೆ ಕಾಯಿರಿ. ಕಾರನ್ನು ಮನೆಯಲ್ಲಿ ಬಿಟ್ಟು ಬನ್ನಿ. ಹಾರ್ಡ್‌ವೇರ್ ಅಂಗಡಿಯ ಪಕ್ಕದ ಬೆಂಚು, ಒಂಬತ್ತರಿಂದ ಹನ್ನೆರಡು. ನಾನು ಕೆಲಸದಲ್ಲಿರುತ್ತೇನೆ, ಆದರೆ ಅತ್ತೆಯವರು ಇರುತ್ತಾರೆ. ಪ್ರಬಂಧ ಮುಗಿದು ವರ್ಷವಾಗುತ್ತ ಬಂದರೂ ಅವರು ಹೋಗುವುದನ್ನು ಬಿಟ್ಟಿಲ್ಲ. ಈಗ ಎರಡನೇ ಪುಸ್ತಕ ನಡೆಯುತ್ತಿದೆ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಿದೆ. ತಾವು ಬಂದ ಹೊತ್ತನ್ನು ಅವರು ಬರೆದುಕೊಳ್ಳುತ್ತಾರೆ, ತಡವಾಗಿದ್ದರೆ ತಡವಾಗಿಯೇ.

ಇಂತಿ,
ಸರಾಸರಿಗಿಂತ ಹೆಚ್ಚು ಕಾದ,
ಆರೋಪಿ ನಂಬರ್ ಎರಡರ ಸೊಸೆ